ಪೂಜೆಗಿಟ್ಟ ಸೇಫ್ಟಿ ಬೆಲ್ಟ್

ನಿವೃತ್ತನಾದ ಮೇಲೆ ನನಗೆ ಸಿಕ್ಕಿದ ದೊಡ್ಡ ಸುಖವೆಂದರೆ ತಲೆ ತಗ್ಗಿಸಿ ನಡೆಯುವುದು. ಮೂವತ್ತೊಂದು ವರ್ಷ ಠಾಣೆ, ಕಲ್ಯಾಣ, ನವಿ ಮುಂಬಯಿಯ ರಸ್ತೆಗಳಲ್ಲಿ ನಾನು ಮೇಲೆ ನೋಡಿಕೊಂಡೇ ಓಡಾಡಿದೆ. ಕಟ್ಟುತ್ತಿರುವ ಕಟ್ಟಡ ಕಂಡರೆ ಸಾಕು, ಅಂಚಿಗೆ ಕಂಬಿ ಹಾಕಿದ್ದಾರೆಯೇ, ಬಲೆ ಕಟ್ಟಿದ್ದಾರೆಯೇ, ಅಲ್ಲಿ ನಿಂತವನ ಮೈಮೇಲೆ ಬೆಲ್ಟ್ ಇದೆಯೇ ಎಂದು ಕಣ್ಣು ತಾನಾಗಿ ಹೋಗುತ್ತಿತ್ತು. ಹೆಂಡತಿ ವಸಂತಿಯ ಜೊತೆ ತರಕಾರಿಗೆ ಹೊರಟಾಗಲೂ ಇದೇ ಚಾಳಿ. ಒಮ್ಮೆ ಹೀಗೆ ಮೇಲೆ ನೋಡುತ್ತ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಗಟಾರಕ್ಕೆ ಕಾಲಿಟ್ಟು ಪಾದ ಉಳುಕಿಸಿಕೊಂಡೆ. "ಊರಿಗೆಲ್ಲ ಸೇಫ್ಟಿ ಹೇಳುವ ಜನ ಇವರು," ಎಂದು ಅವಳು ಡಾಕ್ಟರಿಗೇ ದೂರು ಕೊಟ್ಟಳು.

ನಾನು ಸರ್ಕಾರದ ಸುರಕ್ಷತಾ ಇನ್‌ಸ್ಪೆಕ್ಟರ್ ಆಗಿದ್ದೆ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೀಳದಂತೆ ವ್ಯವಸ್ಥೆ ಮಾಡದ ಮಾಲೀಕರನ್ನು ಕೋರ್ಟಿಗೆ ಎಳೆಯುವುದು ನನ್ನ ಕೆಲಸ. ನಮ್ಮ ಹೌಸಿಂಗ್ ಸೊಸೈಟಿಯ ಉಡುಪಿ ಕಡೆಯವರೊಬ್ಬರ ಮಗಳು ಪ್ರಾಚಿ ಈಗ ಇದೇ ಇಲಾಖೆಗೆ ಸೇರಿದ್ದಾಳೆ. "ಅಂಕಲ್, ಟ್ರೇನಿಂಗ್‌ನಲ್ಲಿ ಹೇಳದ್ದು ಏನಾದ್ರೂ ಇದ್ರೆ ಬರೆದು ಕೊಡಿ ನಾ," ಎಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅಪ್ಪ ಓದಿ ಹೇಳುತ್ತಾನಂತೆ. ಹಾಗಾಗಿ ಅಪ್ಪನೂ ಕೇಳಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಮಾತು, ಈ ಕೆಲಸಕ್ಕೆ ಕಾನೂನಿಗಿಂತ ಮೊದಲು ಮೊಣಕಾಲು ಬೇಕು. ಸೈಟಿನ ಆಫೀಸಿನಲ್ಲಿ ಎಸಿ ಇರುತ್ತದೆ, ತಣ್ಣನೆ ನೀರಿನ ಬಾಟಲಿ ಬರುತ್ತದೆ, ಗೋಡಂಬಿ ಬರುತ್ತದೆ, ದಪ್ಪ ಫೈಲು ಬರುತ್ತದೆ. ಎಲ್ಲ ಸರಿಯಾಗಿರುವುದು ಆ ಫೈಲಿನಲ್ಲಿ ಮಾತ್ರ. ಹದಿನಾಲ್ಕನೇ ಮಾಳಿಗೆಗೆ ಹತ್ತಿ ಹೋದರೆ ಗೊತ್ತಾಗುತ್ತದೆ, ಬೆಲ್ಟುಗಳು ಸ್ಟೋರಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಮಲಗಿವೆ, ಮನುಷ್ಯರು ಚಪ್ಪಲಿಯಲ್ಲಿ ಅಂಚಿನ ಮೇಲೆ ನಿಂತಿದ್ದಾರೆ. ನೀವು ಹತ್ತುತ್ತೀರಿ ಎಂದು ಗೊತ್ತಾದ ಕೂಡಲೇ ಲಿಫ್ಟ್ ಕೆಡುತ್ತದೆ. ಇದು ಎಲ್ಲ ಸೈಟಿನಲ್ಲೂ ನಡೆಯುವ ಪವಾಡ. ನಡೆದೇ ಹತ್ತಬೇಕು.

ಎರಡನೆಯದು ನನ್ನ ಮೊದಲ ಸೋಲು. ಸೇರಿದ ಹೊಸತರಲ್ಲಿ ಕಲ್ಯಾಣದ ಒಂದು ಸೈಟಿನಲ್ಲಿ ಬಿದಿರಿನ ಅಟ್ಟಣಿಗೆ ಕುಸಿದು ಒಬ್ಬ ಪೇಂಟರ್ ಸತ್ತ. ನಾನು ಬಿಸಿರಕ್ತದವನು, ಅಲ್ಲಿ ನಿಂತು ಎಲ್ಲರಿಗೂ ಆರ್ಡರ್ ಕೊಡುತ್ತಿದ್ದವನೇ ಮಾಲೀಕ ಎಂದು ಅವನ ಮೇಲೆ ಕೇಸು ಜಡಿದೆ. ಕೋರ್ಟಿನಲ್ಲಿ ನೋಡಿದರೆ ಅವನೂ ಸಂಬಳಕ್ಕಿದ್ದ ಮುಕಾದಮ, ನಮ್ಮ ಕಡೆ ಮೇಸ್ತ್ರಿ ಎನ್ನುತ್ತೇವಲ್ಲ, ಅವನು. ಅವನ ಮೇಲೆ ಒಬ್ಬ ಸಣ್ಣ ಕಂಟ್ರಾಕ್ಟರ್, ಅವನ ಮೇಲೆ ದೊಡ್ಡವನು, ಅವನ ಮೇಲೆ ಬಿಲ್ಡರ್. ಅಷ್ಟರಲ್ಲಿ ಕೇಸು ಹಾಕಲು ಕಾನೂನು ಕೊಟ್ಟ ಮೂರು ತಿಂಗಳ ಗಡುವು ಕಳೆದಿತ್ತು. ಕೇಸು ಬಿತ್ತು. ಅಟ್ಟಣಿಗೆ ಕಟ್ಟಿಸಿದ ದೊಡ್ಡವನು ಕೋರ್ಟಿನ ಮೆಟ್ಟಿಲಲ್ಲಿ ನನಗೆ ನಮಸ್ಕಾರ ಹೇಳಿ ಹೋದ. ಇಂದಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಗ ನಮ್ಮ ಮೇಲಿದ್ದವರು ಪಾಟೀಲ ಸಾಹೇಬರು. ಬೈಯುವುದರಲ್ಲಿ ಎತ್ತಿದ ಕೈ. ಆ ದಿನ ಮಾತ್ರ ಬೈಯಲಿಲ್ಲ. "ರಾವ್, ಸತ್ತವನ ಹೆಸರು ಎಲ್ಲರೂ ಬರೆದುಕೊಳ್ಳುತ್ತಾರೆ. ಕೆಲಸ ಮಾಡಿಸಿದವನ ಹೆಸರು ಹುಡುಕಲಿಕ್ಕೆ ನಿನಗೆ ಸಂಬಳ," ಎಂದರು. ವಸ್ತುಗಳನ್ನು ಜಪ್ತಿ ಮಾಡುವುದನ್ನೂ ಅವರೇ ಕಲಿಸಿದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೆವರುತ್ತದೆ, ಪೇಪರಿನಲ್ಲಿ ಸುತ್ತು, ಮೇಲೆ ಬಟ್ಟೆ ಹೊಲಿಸು, ಅರಗಿನ ಮುದ್ರೆ ಹಾಕು. ನಮ್ಮ ಕಾಲಕ್ಕೆ ಟೇಪು, ನೋಟ್‌ಬುಕ್ಕು, ಕಾರ್ಬನ್ ಪೇಪರು. ಆಮೇಲೆ ಮೊಬೈಲು ಬಂದು ಎಲ್ಲ ಸುಲಭವಾಯಿತು. ಈಗ ಯಾವ ಸೈಟಿಗೆ ಯಾರು ಹೋಗಬೇಕೆಂದು ಕಂಪ್ಯೂಟರೇ ಹೇಳುತ್ತದಂತೆ. ಹೇಳಲಿ, ಹತ್ತುವುದು ಮಾತ್ರ ನೀವೇ.

ಇಷ್ಟು ಪೀಠಿಕೆ ಹಾಕಿದ್ದು ಒಂದು ಕೇಸು ಹೇಳಲಿಕ್ಕೆ. ಅದರಲ್ಲಿ ತಪ್ಪು ಮಾಡಿದ ಮಾಲೀಕನೊಬ್ಬ ಇದ್ದ. ತಪ್ಪು ಮಾಡಿದ ಇನ್‌ಸ್ಪೆಕ್ಟರನೂ ಒಬ್ಬ ಇದ್ದ, ಅವನೇ ನಾನು.

ಕೊನೆಯ ವರ್ಷಗಳಲ್ಲಿ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಆಯುಧಪೂಜೆಯ ದಿನ, ಇಲ್ಲಿನವರ ಖಂಡೇ ನವಮಿ, ಎಲ್ಲ ಸೈಟುಗಳಲ್ಲೂ ಸುತ್ತಿಗೆ, ಕರಣೆ, ಡ್ರಿಲ್ ಯಂತ್ರ ಜೋಡಿಸಿ ಪೂಜೆ ಮಾಡುತ್ತಾರೆ. ಸೇಫ್ಟಿ ಬೆಲ್ಟನ್ನು ಯಾರೂ ಇಡುವುದಿಲ್ಲ. ಅದನ್ನೂ ಪೂಜೆಗಿಟ್ಟರೆ ಈ ಜನಕ್ಕೆ ಅದರ ಮೇಲೆ ಭಕ್ತಿ ಬರುತ್ತದೆ, ಭಕ್ತಿ ಬಂದರೆ ಹಾಕಿಕೊಳ್ಳುತ್ತಾರೆ ಎಂದು ನನ್ನ ಲೆಕ್ಕ. ಹುಟ್ಟಿದ್ದು ಹೋಟೆಲಿನವರ ಮನೆ. ಠಾಣೆಯ ಕೋಪರಿಯಲ್ಲಿದ್ದ ನಮ್ಮ ಅಪ್ಪನ ಹೋಟೆಲಿನಲ್ಲಿ ಆಯುಧಪೂಜೆಗೆ ಗ್ರೈಂಡರು, ಕಾವಲಿ, ಸಟ್ಟುಗ, ಎಲ್ಲಕ್ಕೂ ಕುಂಕುಮ. ಮರುದಿನ ಬೆಳಿಗ್ಗೆ ತನಕ ಯಾರೂ ಮುಟ್ಟುವಂತಿಲ್ಲ. ಅದೇ ಪದ್ಧತಿ ನನ್ನ ರಕ್ತದಲ್ಲಿತ್ತು. ನಾಲ್ಕಾರು ಸೈಟಿನವರಿಗೆ ಹೇಳಿದೆ, ಒಪ್ಪಿದರು. ಇನ್‌ಸ್ಪೆಕ್ಟರ್ ಹೇಳಿದರೆ ಯಾರು ಬೇಡ ಎನ್ನುತ್ತಾರೆ.

ಘೋಡಬಂದರ್ ರಸ್ತೆಯ ಒಂದು ಸೈಟಿನವರು ಪೂಜೆಗೆ ನನ್ನನ್ನೇ ಕರೆದರು. ಹೋಗಬಾರದಿತ್ತು. ಹೋದೆ. ಹನ್ನೆರಡು ಬೆಲ್ಟುಗಳನ್ನು ಸಾಲಾಗಿ ಮಲಗಿಸಿದೆ, ಒಂದೊಂದರ ಬಕಲನ್ನೂ ಮುಚ್ಚಿದೆ, ನೀರು ಹಾಕಿ ಕಲಸಿದ ಕುಂಕುಮದ ಬೊಟ್ಟನ್ನು ಎರಡು ತುಂಡು ಸೇರುವ ಸಂದಿನ ಮೇಲೇ ಸರಿಯಾಗಿ ಇಟ್ಟೆ. ಕೆಂಪು ದಾರದಲ್ಲಿ ಹನ್ನೆರಡನ್ನೂ ಪೋಣಿಸಿ ಕಟ್ಟಿದೆ. "ನಾಳೆ ಬೆಳಿಗ್ಗೆ ತನಕ ಇವನ್ನು ಯಾರೂ ಮುಟ್ಟಬಾರದು, ಇವತ್ತು ರಜೆ," ಎಂದು ದೊಡ್ಡ ಸ್ವರದಲ್ಲಿ ಹೇಳಿದೆ. ಅವರು ನನಗೆ ಶಾಲು ಹೊದಿಸಿದರು, ಲಾಡುವಿನ ಡಬ್ಬಿ ಕೊಟ್ಟರು, ಮೊಬೈಲಿನಲ್ಲಿ ಫೋಟೋ ತೆಗೆದು ನನಗೂ ಕಳಿಸಿದರು. ಹೊರಡುವಾಗ ಗೇಟಿನ ಹತ್ತಿರ ದೊಡ್ಡದೊಂದು ಬ್ಯಾನರಿನ ಸುರುಳಿ ಬಿದ್ದದ್ದು ಕಂಡಿತು. ಮರುದಿನ ದಸರಾ, ಆ ದಿನ ಫ್ಲ್ಯಾಟ್ ಬುಕಿಂಗ್ ಜೋರು. ಇದನ್ನು ಯಾವಾಗ, ಯಾರು, ಎಲ್ಲಿ ಕಟ್ಟುತ್ತಾರೆ ಎಂದು ಕೇಳಬೇಕೆನಿಸಿತು. ಹಬ್ಬದ ದಿನ ಎಂತಕ್ಕೆ ಕಿರಿಕಿರಿ ಎಂದು ಕೇಳಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ, ಆಫೀಸಿನಿಂದ ಫೋನು. ಅದೇ ಸೈಟಿನಲ್ಲಿ ಒಬ್ಬ ಬಿದ್ದಿದ್ದಾನೆ. ಐದನೇ ಮಾಳಿಗೆಯ ಅಂಚಿನಿಂದ ಬ್ಯಾನರ್ ಕಟ್ಟುವಾಗ ಜಾರಿ ಮೂರನೆಯ ಮಟ್ಟದ ಪಾರ್ಕಿಂಗಿನ ಮೇಲೆ ಬಿದ್ದ. ಅಲ್ಲಿ ಮರಳು ರಾಶಿ ಹಾಕಿದ್ದರು, ಜೀವ ಉಳಿಯಿತು. ಸೊಂಟ ಮುರಿದಿತ್ತು. ನನ್ನ ಮೊದಲ ಯೋಚನೆ ಬಿದ್ದವನ ಬಗ್ಗೆ ಇರಲಿಲ್ಲ, ಶಾಲಿನ ಬಗ್ಗೆ ಇತ್ತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಸೈಟಿಗೆ ಹೋದಾಗ ಸೂಪರ್‌ವೈಸರ್ ಒಂದು ಬೆಲ್ಟ್ ಹಿಡಿದುಕೊಂಡು ಕಾಯುತ್ತಿದ್ದ. "ಸಾಬ್, ಬೆಲ್ಟ್ ದಿಯಾ ಥಾ. ಪೀಕೆ ಆಯಾ ಥಾ, ಹುಕ್ ನಹೀ ಲಗಾಯಾ," ಎಂದ. ಬೆಲ್ಟ್ ಕೊಟ್ಟಿದ್ದೆವು, ಇವನೇ ಕುಡಿದು ಬಂದು ಕೊಕ್ಕೆ ಸಿಕ್ಕಿಸಲಿಲ್ಲ ಎಂದು ಅರ್ಥ. ಆಸ್ಪತ್ರೆಯಲ್ಲಿ ಮೈಮೇಲಿಂದ ಬಿಚ್ಚಿ ತಂದದ್ದು ಎಂದೂ ಹೇಳಿದ. ನಾನು ಕೈಗೆ ತೆಗೆದುಕೊಂಡು ನೋಡಿದೆ. ಸಿಮೆಂಟಿನ ಧೂಳು ಬಳಿದಿದ್ದರು, ಕೆಂಪು ದಾರ ಕತ್ತರಿಸಿದ ತುಂಡು ಹಾಗೇ ಅಂಟಿಕೊಂಡಿತ್ತು. ಬಕಲು ಮುಚ್ಚಿತ್ತು. ನಾನಿಟ್ಟ ಬೊಟ್ಟು ಸಂದಿನ ಎರಡೂ ಕಡೆ ಒಂದೇ ತುಂಡಾಗಿ ಒಣಗಿ ಕೂತಿತ್ತು. ಬಕಲು ತೆರೆಯದೆ ಬೆಲ್ಟ್ ಹಾಕುವುದೂ ಆಗುವುದಿಲ್ಲ, ಬಿಚ್ಚುವುದೂ ಆಗುವುದಿಲ್ಲ. ತೆರೆದಿದ್ದರೆ ಬೊಟ್ಟು ಒಡೆಯಬೇಕಿತ್ತು. ಆ ಬೆಲ್ಟನ್ನು ಬೆಳಿಗ್ಗೆಯಿಂದ ಯಾರೂ ಹಾಕಿಕೊಂಡಿರಲಿಲ್ಲ.

ಪಂಚನಾಮೆ ಬರೆದೆ. ಪೇಪರಿನಲ್ಲಿ ಸುತ್ತಿ, ಬಟ್ಟೆ ಹೊಲಿಸಿ, ಮುದ್ರೆ ಹಾಕಿದೆ. "ಮುಚ್ಚಿದ ಬಕಲಿನ ಮೇಲೆ ಕುಂಕುಮ ಕಂಡುಬಂದಿದೆ" ಎಂದು ಬರೆದೆ. ಇಟ್ಟವರು ಯಾರೆಂದು ಬರೆಯಲಿಲ್ಲ. ಈ ಸಲ ಹೆಸರು ತಪ್ಪಲಿಲ್ಲ, ಬಿಲ್ಡರ್ ಮತ್ತು ದೊಡ್ಡ ಕಂಟ್ರಾಕ್ಟರ್ ಇಬ್ಬರ ಮೇಲೂ ಗಡುವಿನೊಳಗೆ ಕೇಸು ಹಾಕಿದೆ. ಒಂದು ಹೆಸರು ಮಾತ್ರ ಬಿಟ್ಟಿದ್ದೆ, ನನ್ನದು.

ಬಿದ್ದವನನ್ನು ಆಸ್ಪತ್ರೆಯಲ್ಲಿ ನೋಡಿದ್ದು ಮೂರನೇ ದಿನ. ಯಾದಗಿರಿ ಕಡೆಯ ಮಲ್ಲಪ್ಪ. ನನ್ನ ಕನ್ನಡ ಕೇಳಿ ಅವನ ಕಣ್ಣು ಅರಳಿತು.

"ನಾ ಕುಡದಿಲ್ರೀ ಸಾಹೇಬ್ರ. ಬೆಲ್ಟ್ ಕೇಳೀನ್ರಿ. ಸೂಪರ್‌ವೈಸರ್ ಅಂದಾ, ಹತ್ತ ಮಿನಿಟಿನ ಕೆಲಸ, ಪೂಜಾದ ಬೆಲ್ಟ್ ಮುಟ್ಟಬ್ಯಾಡ, ದೊಡ್ಡ ಸಾಹೇಬ್ರು ಕಟ್ಟಿ ಹೋಗ್ಯಾರ ಅಂತ."

"ಯಾವ ದೊಡ್ಡ ಸಾಹೇಬ್ರು?" ಎಂದೆ, ಗೊತ್ತಿದ್ದೂ.

"ನೀವಲ್ರೀ," ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ದೇವರ ಮುಂದೆ ಇಟ್ಟದ್ದನ್ನು ತಾನೂ ತೆಗೆಯುತ್ತಿರಲಿಲ್ಲ ಎಂದು ನನಗೇ ಸಮಾಧಾನ ಹೇಳಿದ. ಅದು ಇನ್ನೂ ಜಾಸ್ತಿ ನೋಯಿತು.

ಅವನ ಹೆಂಡತಿ ನೀಲಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಅವಳೂ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುವವಳು. ಗಂಡನಿಗೆ ನೀರು ಕುಡಿಸುತ್ತಿದ್ದಳು, ಮೈ ಒರೆಸುತ್ತಿದ್ದಳು, ಅವನ ಕಡೆ ನೋಡುತ್ತಿರಲಿಲ್ಲ. ನಾನು ಹೊರಗೆ ಬಂದಾಗ ಹಿಂದೆ ಬಂದಳು.

"ಮಗಳ ತಲಿ ಮುಟ್ಟಿ ಆಣಿ ಮಾಡಿದ್ದಾ ರೀ, ಇನ್ನ ಕುಡಿಯೂದಿಲ್ಲ ಅಂತ. ಡಾಕ್ಟರು ಚೀಟಿದಾಗ ವಾಸನಿ ಬಂತು ಅಂತ ಬರದಾರ. ಅಂಗಿ ನಾನ ಒಗದೀನಿ. ನನ್ನ ಮೂಗು ಸುಳ್ಳು ಹೇಳತೈತೇನ್ರೀ? ಚಾಕರಿ ಮಾಡತೀನಿ, ಮಾತು ಆಡೂದಿಲ್ಲ."

ನನಗೆ ಬೇರೊಂದು ಅನುಮಾನವಿತ್ತು. ಎಚ್ಚರ ತಪ್ಪಿದವನಿಗೆ ಬೆಲ್ಟಿನ ಕಥೆ ಕಟ್ಟಿದವರು ಅಂಗಿಯ ಮೇಲೆ ಎರಡು ಮುಚ್ಚಳ ಸಾರಾಯಿ ಸುರಿಯಲಿಕ್ಕೆ ಹೇಸುತ್ತಾರೆಯೇ? ರಕ್ತವನ್ನಂತೂ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಬೇಕಾದರೆ ಬೆಲ್ಟಿನ ವಿಷಯ ಹೇಳಬೇಕು, ಬೆಲ್ಟಿನ ವಿಷಯ ಹೇಳಿದರೆ ಕುಂಕುಮ ಇಟ್ಟವನಾರೆಂದು ಹೇಳಬೇಕು. ನನಗೆ ಸರ್ವಿಸಿನಲ್ಲಿ ಉಳಿದದ್ದು ಹನ್ನೊಂದು ತಿಂಗಳು. "ಕೋರ್ಟಿನಲ್ಲಿ ಎಲ್ಲ ಹೊರಗೆ ಬರುತ್ತದಮ್ಮ," ಎಂದು ಹೇಳಿ ಮೆಟ್ಟಿಲಿಳಿದೆ.

ಕೋರ್ಟು ನಿಧಾನ. ನಾನು ನಿವೃತ್ತನಾದೆ, ಹಾರ ಹಾಕಿಸಿಕೊಂಡೆ, ಪಿಂಚಣಿ ಶುರುವಾಯಿತು. ನಡುನಡುವೆ ಮಲ್ಲಪ್ಪ ಫೋನ್ ಮಾಡುತ್ತಿದ್ದ. ಕೋಲು ಹಿಡಿದು ನಡೆಯುತ್ತಿದ್ದ, ಕಲ್ಯಾಣದಲ್ಲಿ ಒಂದು ಸೊಸೈಟಿಯ ವಾಚ್‌ಮನ್ ಆಗಿದ್ದ. "ಸಾಹೇಬ್ರ, ಆಕಿ ಇನ್ನೂ ಮಾತಾಡವಲ್ಲಳು. ಊಟಕ್ಕ ಬಾ ಅಂತನೂ ಮಗಳ ಕಡೆ ಹೇಳಿ ಕಳಸ್ತಾಳ. ಕೇಸ್ ಯಾವಾಗ ಐತ್ರಿ?" ಅವನು ಕೇಳಿದ್ದು ಇದೊಂದೇ. ಕೇಳಿದಾಗಲೆಲ್ಲ ತಾರೀಖು ಇನ್ನೂ ಬಂದಿಲ್ಲ ಎಂದು ಹೇಳಿ ಫೋನ್ ಇಡುತ್ತಿದ್ದೆ.

ಅವನು ಬಿದ್ದು ಮೂರು ವರ್ಷ ದಾಟಿದ ಮೇಲೆ ನನಗೆ ಸಾಕ್ಷಿಗೆ ಸಮನ್ಸ್ ಬಂತು. ಅದರ ಹಿಂದೆಯೇ ಬಿಲ್ಡರ್ ಕಡೆಯವರೊಬ್ಬರು ಮನೆಗೆ ಬಂದರು. ಬಹಳ ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ಪೂಜೆಯ ಫೋಟೋ ತೋರಿಸಿದರು. ಶಾಲು, ಲಾಡು, ಬೆಲ್ಟು, ನನ್ನ ನಗು, ಎಲ್ಲ ಸ್ಪಷ್ಟವಾಗಿತ್ತು. "ರಾವ್ ಸಾಹೇಬ್, ಕುಂಕುಮದ ವಿಷಯ ನೀವು ಎತ್ತಬೇಡಿ, ಫೋಟೋದ ವಿಷಯ ನಾವು ಎತ್ತುವುದಿಲ್ಲ. ಪಿಂಚಣಿ ತಗೊಂಡು ಆರಾಮವಾಗಿರಿ," ಎಂದು ಚಹಾ ಕುಡಿದು ಹೋದರು.

ವಸಂತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅಲ್ಲಿಯವರೆಗೆ ಅವಳಿಗೂ ನಾನು ಪೂರ್ತಿ ಹೇಳಿರಲಿಲ್ಲ. ಆ ದಿನ ಹೇಳಿದೆ. ನೀಲಮ್ಮನ ಮಾತನ್ನೂ ಹೇಳಿದೆ.

"ಪಿಂಚಣಿ ನಿಲ್ಲಿಸಿದ್ರೆ ಎಂತ ಮಾಡುವುದು ಮಾರಾಯ್ತಿ?" ಎಂದೆ.

"ಅಷ್ಟು ಹೆದರಿಕೆ ಇದ್ದವರು ಕುಂಕುಮ ಇಡ್ಲಿಕ್ಕೆ ಯಾಕೆ ಹೋದದ್ದು?" ಎಂದಳು. ಚಹಾದ ಕಪ್ಪು ಎತ್ತುತ್ತ ಮತ್ತೆ ಹೇಳಿದಳು. "ಮೂರು ವರ್ಷ ಗಂಡನ ಹತ್ರ ಮಾತಾಡದೆ ಇರುವುದು ಅಂದ್ರೆ ಆ ಹೆಂಗಸಿಗೆ ಎಷ್ಟು ಕಷ್ಟ ಗೊತ್ತುಂಟಾ ನಿಮಗೆ? ನನಗೆ ಮೂರು ದಿನ ಆಗುವುದಿಲ್ಲ. ಹೋಗಿ ಹೇಳಿ ಬನ್ನಿ."

ಠಾಣೆ ಕೋರ್ಟು. ಮ್ಯಾಜಿಸ್ಟ್ರೇಟರು ನಡುವಯಸ್ಸಿನ ಹೆಂಗಸು, ಗಟ್ಟಿ ದನಿ, ಮರಾಠಿಯಲ್ಲೇ ವಿಚಾರಣೆ. ಹಿಂದಿನ ಬೆಂಚಿನಲ್ಲಿ ಮಲ್ಲಪ್ಪ ಒಂದು ತುದಿಗೆ, ನೀಲಮ್ಮ ಇನ್ನೊಂದು ತುದಿಗೆ ಕೂತಿದ್ದರು. ಗುಮಾಸ್ತ ಜಪ್ತಿಯ ಗಂಟಿನ ಹೊಲಿಗೆ ಬಿಚ್ಚಿದ. ಒಣಗಿದ ಕುಂಕುಮ ಮೂರು ವರ್ಷ ನಿಲ್ಲುತ್ತದೆಯೇ? ಪೇಪರು ಬಿಚ್ಚಿದಾಗ ಒಂದಿಷ್ಟು ಪುಡಿ ಉದುರಿತು. ಬೊಟ್ಟಿನ ಅಂಚು ಹೋಗಿತ್ತು. ನಡುಭಾಗ ಸಂದಿನ ಮೇಲೆ ಹಾಗೇ ಕೂತಿತ್ತು. ಪಾಟೀಲ ಸಾಹೇಬರನ್ನು ಮನಸ್ಸಿನಲ್ಲೇ ನೆನೆದೆ.

ಎದುರಿನ ವಕೀಲರು ಎದ್ದರು. "ಇದನ್ನು ಯಾರು, ಯಾವಾಗ ಇಟ್ಟದ್ದೆಂದು ಹೇಗೆ ಹೇಳುತ್ತೀರಿ? ಬೆಲ್ಟ್ ತಂದ ಮೇಲೆ ಯಾರಾದರೂ ಇಟ್ಟಿರಬಹುದಲ್ಲ?"

"ಇಟ್ಟವನು ನಾನು," ಎಂದೆ. "ಬೆಳಿಗ್ಗೆ ಹನ್ನೊಂದಕ್ಕೆ. ಬಕಲು ಮುಚ್ಚಿ, ಸಂದಿನ ಮೇಲೆ, ಹನ್ನೆರಡಕ್ಕೂ ಹೀಗೇ. ನನ್ನ ಮೊಬೈಲಿನಲ್ಲಿ ಫೋಟೋ ಇದೆ."

ವಕೀಲರು ಒಂದೊಂದೇ ಕೇಳಿದರು. ಅತಿಥಿಯಾಗಿ ಹೋಗಿದ್ದಿರಾ? ಹೌದು. ಶಾಲು ತೆಗೆದುಕೊಂಡಿರಾ? ಹೌದು. ಲಾಡು? ತಿಂದೆ. ನಾಳೆಯವರೆಗೆ ಮುಟ್ಟಬೇಡಿ ಎಂದದ್ದು ನೀವೇ? ನಾನೇ. ಇದೆಲ್ಲ ದೂರಿನಲ್ಲಿ ಏಕೆ ಬರೆಯಲಿಲ್ಲ? ಹೆದರಿ ಬರೆಯಲಿಲ್ಲ.

"ಹಾಗಾದರೆ ಇವನು ಬೆಲ್ಟಿಲ್ಲದೆ ಹತ್ತಿದ್ದಕ್ಕೆ ನೀವೇ ಕಾರಣ."

"ನನ್ನ ಮಾತೂ ಒಂದು ಕಾರಣ. ಅದನ್ನು ಹೇಳಲಿಕ್ಕೇ ಬಂದಿದ್ದೇನೆ," ಎಂದೆ. ಹೇಳಿದ ಮೇಲೆ ಏನೋ ಹಗುರಾಯಿತು. ಮೂರು ವರ್ಷ ಹೊತ್ತ ಸಿಮೆಂಟಿನ ಚೀಲ ಇಳಿಸಿದ ಹಾಗೆ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ವಕೀಲರನ್ನು ನೋಡಿದರು. "ಬೆಲ್ಟು ಪೂಜೆಯಲ್ಲಿತ್ತು. ಹಾಗಿದ್ದರೆ ಆ ಹೊತ್ತಿನಲ್ಲಿ ಮನುಷ್ಯನನ್ನು ಮೇಲೆ ಕಳಿಸಿದವರು ಯಾರು? ಇನ್‌ಸ್ಪೆಕ್ಟರೇ?" ವಕೀಲರು ಕಾಗದ ತಿರುವಿದರು.

ತೀರ್ಪು ಕೆಲವು ವಾರಗಳ ನಂತರ ಬಂತು. ಬಿಲ್ಡರಿಗೂ ಕಂಟ್ರಾಕ್ಟರಿಗೂ ಶಿಕ್ಷೆಯಾಯಿತು. ಬೆಲ್ಟಿನ ವಿಷಯದಲ್ಲಿ ಸುಳ್ಳು ಹೇಳಿದವರು ಮದ್ಯದ ವಿಷಯದಲ್ಲಿ ಹೇಳಿದ್ದನ್ನು ನಂಬಲು ಕಾರಣವಿಲ್ಲ ಎಂದು ಅದರಲ್ಲಿ ಬರೆದಿದ್ದರು. ಇಲಾಖೆ ನನ್ನಿಂದ ವಿವರಣೆ ಕೇಳಿತು, ಒಂದು ಛೀಮಾರಿಯ ಕಾಗದ ಕಳಿಸಿತು, ಪಿಂಚಣಿಗೆ ಕೈ ಹಾಕಲಿಲ್ಲ. ಆ ಕಾಗದ ಈಗಲೂ ಇದೆ. ಪ್ರಾಚಿಗೆ ಬೇಕಾದರೆ ತೋರಿಸುತ್ತೇನೆ, ಬಡ್ತಿಯ ಆರ್ಡರುಗಳು ಎಲ್ಲಿವೆಯೋ ಗೊತ್ತಿಲ್ಲ. ಪೂಜೆ ಮಾಡಬೇಡ ಎಂದು ನಾನು ಅವಳಿಗೆ ಹೇಳುವುದಿಲ್ಲ. ನಿನ್ನ ಸೈಟಿನವರ ಅತಿಥಿಯಾಗಬೇಡ, ಬ್ಯಾನರ್ ಸುರುಳಿ ಕಂಡರೆ ಹಬ್ಬವಾದರೂ ಕೇಳು, ತಪ್ಪಾದರೆ ನಿನ್ನ ಹೆಸರನ್ನೂ ದೂರಿನಲ್ಲಿ ಬರೆ, ಇಷ್ಟೇ.

ಆದರೆ ನನಗೆ ನಿಜವಾದ ಬಿಡುಗಡೆ ಸಿಕ್ಕಿದ್ದು ತೀರ್ಪಿನ ದಿನ ಅಲ್ಲ, ಸಾಕ್ಷಿ ಹೇಳಿದ ದಿನವೇ. ಕಟಕಟೆಯಿಂದ ಇಳಿದು ಹೊರಗೆ ಬಂದಾಗ ನೀಲಮ್ಮ ವರಾಂಡದಲ್ಲಿ ನಿಂತಿದ್ದಳು. ಇಷ್ಟು ವರ್ಷ ಇಲ್ಲಿ ದುಡಿದವಳು, ಮರಾಠಿ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ನನಗೆ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೂ ಸರಿಯೇ.

"ಹಾಕ್ಕೊಳ್ಳದ ಬೆಲ್ಟ್ ಹಾಕ್ಕೊಂಡಿದ್ದಾ ಅಂದೋರು, ಅಂಗಿಗೆ ಏನ್ ಸುರುವಿದ್ರೋ ಯಾರ ಬಲ್ಲರು," ಎಂದಳು. ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ ತಿಳಿಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮಲ್ಲಪ್ಪ ಕೋಲೂರಿಕೊಂಡು ಬಾಗಿಲಿಂದ ಹೊರಗೆ ಬಂದ. ಅಭ್ಯಾಸದಂತೆ ಅವಳಿಂದ ನಾಲ್ಕು ಹೆಜ್ಜೆ ದೂರ ನಿಂತು, ನನ್ನ ಕಡೆ ತಿರುಗಿ, ಈಗ ಕಲ್ಯಾಣಕ್ಕೆ ಗಾಡಿ ಎಷ್ಟಕ್ಕೆ ಇದೆ ಎಂದು ಕೇಳಿದ.

"ಅವ್ರನ್ನೇನ್ ಕೇಳ್ತೀರಿ, ನನ್ನ ಕೇಳ್ರಿ," ಎಂದಳು ನೀಲಮ್ಮ. "ಒಂದೂ ಇಪ್ಪತ್ತಕ್ಕ ಐತಿ. ನಡೀರಿ."